ಉಪ್ಪುಗಾಳಿಯ ಊರಿನಲ್ಲಿ ಪೈಪ್ ಆರಿಸುವ ಬಗೆ: ಜಿಐ ಎಲ್ಲಿಗೆ, ಸ್ಟೇನ್‌ಲೆಸ್ ಸ್ಟೀಲ್ ಎಲ್ಲಿಗೆ

ಕುಮಟಾದ ನಮ್ಮ ಮನೆಯ ಹೊರಮೆಟ್ಟಿಲಿಗೆ ಹಾಕಿಸಿದ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗಿನ ಮೇಲೆ ಮೊದಲ ಬೇಸಿಗೆ ಮುಗಿಯುವ ಮುನ್ನವೇ ಚಹಾದ ಕಲೆಯಂತಹ ಕಂದು ಚುಕ್ಕೆಗಳು ಮೂಡಿದವು. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ದೇವಿಮನೆ ಘಟ್ಟ ಹತ್ತಿದ ಮೇಲೆ ಸಿಗುವ ಶಿರಸಿ ಸೀಮೆಯ ನಮ್ಮ ಹಿರಿಯರ ಮನೆಯಲ್ಲಿ, ಅಪ್ಪ ಬಾವಿಯಿಂದ ಕೊಟ್ಟಿಗೆಯವರೆಗೆ ಎಳೆಸಿದ್ದ ಜಿಐ (ಗ್ಯಾಲ್ವನೈಸ್ಡ್ ಐರನ್, ಅಂದರೆ ಸತು ಲೇಪಿಸಿದ) ಪೈಪು ಇಪ್ಪತ್ತೈದು ಮಳೆಗಾಲ ಕಂಡರೂ ಬೂದು ಬಣ್ಣ ಕಳೆದುಕೊಂಡಿರಲಿಲ್ಲ. ದುಬಾರಿ ಲೋಹ ಒಂದೇ ವರ್ಷದಲ್ಲಿ ಕಳೆಗುಂದಿ, ಅಗ್ಗದ ಲೋಹ ಒಂದು ತಲೆಮಾರು ಬಾಳಿದ್ದನ್ನು ಕಂಡ ಮೇಲೆ, 'ಜಿಐ ಒಳ್ಳೆಯದೋ, ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದೋ' ಎಂದು ಕೇಳುವುದನ್ನೇ ನಾನು ಬಿಟ್ಟೆ. ಪೈಪು ಎಲ್ಲಿ ನಿಲ್ಲುತ್ತದೆ, ಅದರ ಮೇಲೆ ಕೂತ ಉಪ್ಪು ತೊಳೆದು ಹೋಗುತ್ತದೆಯೇ, ಒಳಗೆ ಹರಿಯುವುದು ಯಾವ ನೀರು, ಅದನ್ನು ಯಾವ ಲೋಹದ ಜೊತೆ ಜೋಡಿಸುತ್ತೇವೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಲೋಹ ತಾನಾಗಿಯೇ ತೀರ್ಮಾನವಾಗುತ್ತದೆ. ಕರಾವಳಿಯಲ್ಲಿ ಹೊಸ ಮನೆ ಕಟ್ಟಿಸುವವರಿಗೆ, ಘಟ್ಟದ ಮೇಲೆ ತೋಟಕ್ಕೆ ಪೈಪ್ ಹಾಕಿಸುವವರಿಗೆ ಈ ಬರಹ ಉಪಯೋಗಕ್ಕೆ ಬರಬಹುದು.

ಎರಡು ಲೋಹಗಳ ಸ್ವಭಾವ

ಜಿಐ ಎಂದು ನಾವು ಕರೆಯುವುದು ಸಾಮಾನ್ಯ ಉಕ್ಕಿನ ಪೈಪನ್ನೇ. ಅದನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರುತ್ತಾರೆ. ಒಳಮೈ ಹೊರಮೈ ಎರಡಕ್ಕೂ ಸತು ಹತ್ತಿಕೊಳ್ಳುತ್ತದೆ, ಮತ್ತು ಅದು ಬಣ್ಣದಂತೆ ಬರೀ ಮೇಲೆ ಕೂರದೆ ಉಕ್ಕಿನೊಂದಿಗೆ ಬೆರೆತ ಪದರವಾಗುತ್ತದೆ. ಸತುವಿನ ಗುಣವೆಂದರೆ ಉಕ್ಕಿಗಿಂತ ಮೊದಲು ತಾನು ಸವೆಯುವುದು. ಪೈಪಿನ ಮೇಲೆ ಸಣ್ಣ ಗೀರು ಬಿದ್ದು ಉಕ್ಕು ಕಂಡರೂ ಸುತ್ತಲಿನ ಸತು ತಾನು ಕರಗಿ ಆ ಉಕ್ಕನ್ನು ಕಾಪಾಡುತ್ತದೆ. ಸತು ಇರುವಷ್ಟು ಕಾಲ ಪೈಪು ಇರುತ್ತದೆ, ಅದು ಮುಗಿದ ಮೇಲೆ ಉಳಿಯುವುದು ಬರೀ ಕಬ್ಬಿಣ.

ಸ್ಟೇನ್‌ಲೆಸ್ ಸ್ಟೀಲಿನ ಹೊರಮೈಗೆ ಬೇರೆ ಲೋಹದ ಲೇಪ ಇರುವುದಿಲ್ಲ. ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಬೆರೆತಿದ್ದರೆ, ಗಾಳಿಯ ಆಮ್ಲಜನಕ ತಗುಲಿದ ಕೂಡಲೇ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಪೊರೆಯ ವೈರಿ ಕ್ಲೋರೈಡ್, ಅಂದರೆ ನಮ್ಮ ಕಡಲಗಾಳಿ ಹೊತ್ತು ತರುವ ಉಪ್ಪು. ಅದು ಪೊರೆಯನ್ನು ಒಂದು ಬಿಂದುವಿನಲ್ಲಿ ಒಡೆದು ಅಲ್ಲಿಂದ ಒಳಗೆ ಕೊರೆಯುತ್ತ ಹೋಗುತ್ತದೆ. ಮೇಲೆ ಸೂಜಿಮೊನೆಯಷ್ಟು ರಂಧ್ರ ಕಂಡರೂ ಒಳಗೆ ಗೂಡು ಕಟ್ಟಿರುತ್ತದೆ. ಗಾಳಿಯಾಡದ ಕಡೆ, ಕ್ಲಾಂಪಿನ ಅಡಿಯಲ್ಲಿ, ವಾಷರಿನ ಸಂದಿನಲ್ಲಿ, ಪೊರೆ ಮತ್ತೆ ಕಟ್ಟಿಕೊಳ್ಳಲು ಬೇಕಾದ ಆಮ್ಲಜನಕವೂ ಸಿಗುವುದಿಲ್ಲವಾದ್ದರಿಂದ ಕೊರೆತ ಅಲ್ಲಿಯೇ ಹೆಚ್ಚು. ಹಾಗಾಗಿ ಜಿಐ ಪೈಪಿನ ವಯಸ್ಸನ್ನು ನೋಡಿಯೇ ಅಂದಾಜು ಮಾಡಬಹುದು, ತಪ್ಪು ಜಾತಿಯ ಸ್ಟೇನ್‌ಲೆಸ್ ಪೈಪು ಮಾತ್ರ ಮುಕ್ಕಾಲು ಭಾಗ ಹೊಳೆಯುತ್ತಿರುವಾಗಲೇ ಒಂದೆಡೆ ತೂತಾಗಬಹುದು.

ಮೊದಲು ಜಾಗ ನೋಡಬೇಕು

ಗಾಳಿಯಲ್ಲಿ ಲೋಹ ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಮಾನದಂಡವೊಂದಿದೆ, ಅದರ ಸಂಖ್ಯೆ ಐಎಸ್‌ಒ 9223. ಅದರ ಪ್ರಕಾರ ಮಧ್ಯಮ ವಾತಾವರಣದಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ, ಅದರ ಮೇಲಿನ ವರ್ಗದಲ್ಲಿ 2.1ರಿಂದ 4.2, ಕಡಲಂಚಿನ ತೀವ್ರ ವರ್ಗದಲ್ಲಿ 4.2ರಿಂದ 8.4. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸರಿಯಾಗಿ ಬಿಸಿ ಸತುವಿನಲ್ಲಿ ಅದ್ದಿದ ನೀರಿನ ಪೈಪಿನ ಮೇಲೆ ಸುಮಾರು 55 ಮೈಕ್ರಾನ್ ಸತು ಇರುತ್ತದೆ ಎಂದಿಟ್ಟುಕೊಂಡು ಭಾಗಿಸಿ ನೋಡಿದರೆ, ಮಧ್ಯಮ ವಾತಾವರಣದಲ್ಲಿ ಅದು ಇಪ್ಪತ್ತಾರು ವರ್ಷಕ್ಕೆ ಕಡಿಮೆಯಿಲ್ಲದಂತೆ ಬಾಳುತ್ತದೆ, ಕಡಲಂಚಿನಲ್ಲಿ ಆರೂವರೆಯಿಂದ ಹದಿಮೂರು ವರ್ಷಕ್ಕೆ ಮುಗಿಯುತ್ತದೆ. ಇವು ಮೊದಲ ವರ್ಷದ ದರಗಳಾದ್ದರಿಂದ ಲೆಕ್ಕ ಅಂದಾಜಿನದು. ಆದರೂ ಅಪ್ಪನ ಪೈಪು ಏಕೆ ಉಳಿಯಿತು ಎಂಬುದು ಇದರಿಂದ ತಿಳಿಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆ ವಿಪರೀತ, ಶೀತ ವಿಪರೀತ, ಆದರೆ ಗಾಳಿಯಲ್ಲಿ ಉಪ್ಪಿಲ್ಲ.

ಮಳೆಯ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕರಾವಳಿಯಲ್ಲಿ ಕಬ್ಬಿಣ ಹಾಳಾಗುವುದು ಮಳೆಯಿಂದ ಎಂದು ಹೆಚ್ಚಿನವರು ನಂಬಿದ್ದಾರೆ. ಕಾರವಾರ, ಹೊನ್ನಾವರಗಳ ಆಷಾಢದ ಮಳೆ ನಿಜವಾಗಿ ಲೋಹದ ಮೇಲಿನ ಉಪ್ಪನ್ನು ತೊಳೆದು ಹಾಕಿ ಉಪಕಾರವನ್ನೇ ಮಾಡುತ್ತದೆ. ತೊಂದರೆ ಇರುವುದು ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಆಗ ಮಧ್ಯಾಹ್ನದ ಕಡಲಗಾಳಿ ದಿನವೂ ಸ್ವಲ್ಪ ಸ್ವಲ್ಪ ಉಪ್ಪು ತಂದು ಕೂರಿಸುತ್ತದೆ, ರಾತ್ರಿಯ ಇಬ್ಬನಿ ಅದನ್ನು ಒದ್ದೆ ಮಾಡುತ್ತದೆ, ತೊಳೆಯಲು ಮಾತ್ರ ಏನೂ ಇರುವುದಿಲ್ಲ. ಮಾಡಿನ ಅಡಿಯಲ್ಲಿರುವ ಪೈಪಿಗೆ ಮಳೆಗಾಲದಲ್ಲಿಯೂ ಸ್ನಾನವಿಲ್ಲ. ಅಂಗಳದಲ್ಲಿ ಬಯಲಿಗೆ ನಿಂತ ಕಂಬಕ್ಕಿಂತ ಜಗುಲಿಯ ಮೇಲ್ಚಾವಣಿ ಹೊತ್ತ ಕಂಬದ ಮೇಲ್ತುದಿ ಮೊದಲು ತುಕ್ಕು ಹಿಡಿಯುವುದನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ರೇಲಿಂಗಿನ ಚುಕ್ಕೆಗಳೂ ಮೊದಲು ಕಂಡದ್ದು ಹಿಡಿಕೆಯ ಕೆಳಮೈಯಲ್ಲಿ, ಕೈ ಸವರದ, ಮಳೆ ತಾಗದ ಭಾಗದಲ್ಲಿ.

ಆದ್ದರಿಂದ ಲೋಹ ಆರಿಸುವ ಮುನ್ನ ಮನೆಯ ಸುತ್ತ ಒಂದು ಸುತ್ತು ಹಾಕುವುದು ಒಳ್ಳೆಯದು. ನೆರೆಯವರ ಕಿಟಕಿಯ ಸರಳು, ಹಳೆಯ ಗೇಟಿನ ಕೀಲು, ಡಿಶ್ ಆಂಟೆನಾದ ಬೋಲ್ಟು ಇವು ಯಾವ ದಿಕ್ಕಿಗೆ ಹೆಚ್ಚು ತಿಂದುಹೋಗಿವೆ ಎಂಬುದನ್ನು ನೋಡಿದರೆ ಗಾಳಿಯ ದಾರಿ ತಿಳಿಯುತ್ತದೆ. ಕಡಲಿನಿಂದ ದೂರ ಎಂಬುದನ್ನು ರಸ್ತೆಯ ಲೆಕ್ಕದಲ್ಲಿ ಅಳೆಯಬಾರದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಯ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲದ ಕಾರಣ ಉಪ್ಪು ಬಹಳ ಒಳಗಿನವರೆಗೂ ಬರುತ್ತದೆ. ಅದೇ ಗುಡ್ಡದ ಮರೆಯ ಕೇರಿಯೊಂದು ಕಡಲಿಗೆ ಹತ್ತಿರವಿದ್ದೂ ಸುರಕ್ಷಿತವಾಗಿರಬಹುದು.

ಜಿಐ ಎಂದು ಕೇಳಿದರೆ ಏನು ಕೊಡುತ್ತಾರೆ

ಅಂಗಡಿಯಲ್ಲಿ ಬೆಳ್ಳಗೆ ಕಾಣುವ ಎರಡು ಬಗೆಯ ಪೈಪುಗಳಿರುತ್ತವೆ, ಮತ್ತು ಹೆಚ್ಚಿನ ಮೋಸ ನಡೆಯುವುದು ಇಲ್ಲಿಯೇ. ಒಂದು, ಪೈಪಾದ ಮೇಲೆ ಸತುವಿನಲ್ಲಿ ಅದ್ದಿದ ನಿಜವಾದ ಜಿಐ. ಇನ್ನೊಂದು, ಮೊದಲೇ ಸತು ಲೇಪಿಸಿದ ತಗಡನ್ನು ಸುತ್ತಿ ಬೆಸೆದು ಮಾಡಿದ ಜಿಪಿ ಪೈಪ್. ಜಿಪಿ ನಯವಾಗಿ, ಹೆಚ್ಚು ಹೊಳಪಿನಿಂದ ಇರುವುದರಿಂದ ನೋಡುವವರಿಗೆ ಅದೇ ಉತ್ತಮ ಮಾಲು ಎನ್ನಿಸುತ್ತದೆ. ಎರಡೂ ಮೈ ಸೇರಿ ಚದರ ಮೀಟರಿಗೆ 120 ಗ್ರಾಂ ಸತು ಇರುವ ಜಿಪಿ ತಗಡಿನಲ್ಲಿ ಒಂದು ಮೈಗೆ ಸಿಗುವ ಸತು ಎಂಟೂವರೆ ಮೈಕ್ರಾನ್ ಮಾತ್ರ. ಮೇಲಿನ ದರಗಳಿಗೆ ಹೊಂದಿಸಿದರೆ ಕಡಲಂಚಿನಲ್ಲಿ ಅದರ ಆಯಸ್ಸು ಒಂದೆರಡು ವರ್ಷ. ಸಾಲದ್ದಕ್ಕೆ ಬೆಸುಗೆಯ ಗೆರೆಯುದ್ದಕ್ಕೂ ಸತು ಸುಟ್ಟು ಹೋಗಿರುತ್ತದೆ, ಹೊರಗಡೆ ಅದರ ಮೇಲೆ ಸತು ಸಿಂಪಡಿಸಿ ಮುಚ್ಚಿದರೂ ಒಳಗಡೆ ಹಾಗೆಯೇ ಉಳಿಯುತ್ತದೆ. ಒಣ ಊರಿನಲ್ಲಿ ಒಳಾಂಗಣದ ಚೌಕಟ್ಟಿಗೆ ಜಿಪಿ ಸಾಕು. ನೀರಿಗೂ ಅದು ಬೇಡ, ಕುಮಟಾದ ಅಂಗಳಕ್ಕೂ ಬೇಡ.

ಗುರುತಿಸುವುದು ಕಷ್ಟವಲ್ಲ. ಪೈಪಿನ ತುದಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಅದ್ದಿದ ಪೈಪಿನ ಒಳಮೈ ಮಾಸಲು ಬೆಳ್ಳಿಯಂತೆ, ಅಲ್ಲಲ್ಲಿ ಸತು ಹರಿದು ನಿಂತ ಸಣ್ಣ ಉಬ್ಬುಗಳೊಂದಿಗೆ ಕಾಣುತ್ತದೆ, ಬೆಸುಗೆಯ ಗೆರೆಯ ಮೇಲೂ ಸತು ಹತ್ತಿರುತ್ತದೆ. ಜಿಪಿಯಲ್ಲಿ ಬೆಸುಗೆಯ ಗೆರೆ ಒಳಗೆ ಕಪ್ಪಾಗಿ ಅಥವಾ ನೀಲಿಯಾಗಿ ಎದ್ದು ಕಾಣುತ್ತದೆ, ಬೆರಳು ಹಾಕಿದರೆ ಏಣು ತಾಗುತ್ತದೆ. ನೀರಿನ ಪೈಪಿಗೆ ನಮ್ಮ ದೇಶದ ಮಾನದಂಡ ಐಎಸ್ 1239. ಅದರಲ್ಲಿ ಹಗುರ ದರ್ಜೆಗೆ ಹಳದಿ ಪಟ್ಟಿ, ಮಧ್ಯಮಕ್ಕೆ ನೀಲಿ, ಭಾರಿಗೆ ಕೆಂಪು. ಒಂದಿಂಚಿನ ಪೈಪಿನ ಗೋಡೆ ಹಗುರದಲ್ಲಿ 2.6, ಮಧ್ಯಮದಲ್ಲಿ 3.2, ಭಾರಿಯಲ್ಲಿ 4 ಮಿಲಿಮೀಟರ್ ದಪ್ಪವಿರುತ್ತದೆ. ಥ್ರೆಡ್ ಕಡಿದಾಗ ಗೋಡೆಯ ಒಂದು ಪಾಲು ಹೋಗುವುದರಿಂದ, ನೀರಿಗೆ ನೀಲಿ ಪಟ್ಟಿಗಿಂತ ಕೆಳಗಿನದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಣ್ಣದ ಪಟ್ಟಿಯನ್ನು ಯಾರು ಬೇಕಾದರೂ ಬಳಿಯಬಹುದು, ತಕ್ಕಡಿ ಮಾತ್ರ ಸುಳ್ಳು ಹೇಳುವುದಿಲ್ಲ. ಹೊರವ್ಯಾಸದಿಂದ ಗೋಡೆಯ ದಪ್ಪ ಕಳೆದು, ಅದನ್ನು ಮತ್ತೆ ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಒಂದಿಂಚಿನ ಮಧ್ಯಮ ಪೈಪಿನ ಹೊರವ್ಯಾಸ 33.7 ಮಿಲಿಮೀಟರ್. ಲೆಕ್ಕ ಮಾಡಿದರೆ ಮೀಟರಿಗೆ 2.4 ಕಿಲೋ, ಆರು ಮೀಟರಿನ ಒಂದು ಉದ್ದಕ್ಕೆ ಹದಿನಾಲ್ಕೂವರೆ ಕಿಲೋಗೆ ಹತ್ತಿರ. ಅದು ಹನ್ನೆರಡು ಕಿಲೋ ತೂಗಿದರೆ ಪಟ್ಟಿ ಯಾವ ಬಣ್ಣದ್ದಾದರೇನು.

ಸ್ಟೇನ್‌ಲೆಸ್‌ನಲ್ಲಿ ಜಾತಿಗಳಿವೆ

ನನಗೆ ರೇಲಿಂಗ್ ಮಾಡಿಕೊಟ್ಟವರು ಕೆಲಸದಲ್ಲಿ ಪಳಗಿದವರೇ. 'ಮಾಸ್ತರೇ, ನೋಡಿ, ಮ್ಯಾಗ್ನೆಟ್ ಹಿಡಿಯೂದಿಲ್ಲ, ಪಕ್ಕಾ ಮಾಲು' ಎಂದು ಪೈಪಿಗೆ ಅಯಸ್ಕಾಂತ ಹಚ್ಚಿ ತೋರಿಸಿದರು, ಅದು ನಿಜವಾಗಿಯೂ ಜಾರಿ ಬಿತ್ತು. ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ ಎಂಬುದು ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. 304 ಎಂಬ ದರ್ಜೆಯಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ 4ರಿಂದ 6ಕ್ಕೆ ಇಳಿದು ಅದರ ಬದಲು ಅಗ್ಗದ ಮ್ಯಾಂಗನೀಸ್ ಬರುತ್ತದೆ. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಹೊಸದಿರುವಾಗ ಎರಡರ ಹೊಳಪೂ ಒಂದೇ. ಇನ್ನು 316ರಲ್ಲಿ 16ರಿಂದ 18 ಕ್ರೋಮಿಯಂ, 10ಕ್ಕಿಂತ ಹೆಚ್ಚು ನಿಕ್ಕಲ್, ಮುಖ್ಯವಾಗಿ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ. ಉಪ್ಪಿನ ಕೊರೆತವನ್ನು ತಡೆಯುವುದು ಈ ಮಾಲಿಬ್ಡಿನಂ.

ದರ್ಜೆಯನ್ನು ಗುರುತಿಸಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಣ್ಣ ಬಾಟಲಿಯ ದ್ರಾವಣ ಮತ್ತು ಬ್ಯಾಟರಿ ಇರುವ ಕಿಟ್ ಸಿಗುತ್ತದೆ. ಪೈಪಿನ ಮೇಲೆ ಒಂದು ಹನಿ ಹಾಕಿ ತಂತಿ ತಾಗಿಸಿದರೆ ಬರುವ ಬಣ್ಣವನ್ನು ಅದರ ಜೊತೆಗಿನ ಚೀಟಿಯೊಂದಿಗೆ ಹೋಲಿಸಬೇಕು. 202 ಬೇರೆ ಮಾಡಲು ಒಂದು ದ್ರಾವಣ, 316 ಗುರುತಿಸಲು ಇನ್ನೊಂದು. ಫ್ಯಾಬ್ರಿಕೇಟರ್ ಒಪ್ಪದಿದ್ದರೆ ಅದೇ ಒಂದು ಉತ್ತರ. ಬಿಲ್ಲಿನಲ್ಲಿ ಬರೀ 'ಎಸ್‌ಎಸ್ ಪೈಪ್' ಎಂದು ಬರೆಸಿಕೊಳ್ಳದೆ ದರ್ಜೆ ಮತ್ತು ಗೋಡೆಯ ದಪ್ಪ ಎರಡನ್ನೂ ಬರೆಸಿಕೊಳ್ಳಬೇಕು. ಹೆಚ್ಚು ಮಾಲು ಕೊಳ್ಳುವುದಿದ್ದರೆ ಕಾರ್ಖಾನೆಯ ಪರೀಕ್ಷಾ ಪತ್ರವನ್ನು ಕೇಳಿ, ಅದರಲ್ಲಿನ ಹೀಟ್ ನಂಬರ್ (ಒಂದೇ ಬಾರಿ ಕರಗಿಸಿದ ಉಕ್ಕಿಗೆ ಕೊಡುವ ಸಂಖ್ಯೆ) ಪೈಪಿನ ಮೇಲೆ ಅಚ್ಚಾದದ್ದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು.

ನನ್ನ ಅಭಿಪ್ರಾಯ ಹೀಗಿದೆ: ಶಿರಸಿಯಲ್ಲಿ ಮನೆಯೊಳಗಿನ ಕೆಲಸಕ್ಕೆ 202 ನಡೆಯುತ್ತದೆ, ಹೊರಗಿನದಕ್ಕೆ 304 ಧಾರಾಳವಾಯಿತು. ಕರಾವಳಿಯಲ್ಲಿ ಮನೆಯೊಳಗೆ 304, ಹೊರಗೆ 316. ಕರಾವಳಿಯ ಹೊರಾಂಗಣಕ್ಕೆ 316 ಕೈಗೆಟುಕದಿದ್ದರೆ 202 ಹಾಕಿಸುವುದರ ಬದಲು ದಪ್ಪ ಜಿಐ ಹಾಕಿಸಿ ಮೇಲೆ ಬಣ್ಣ ಬಳಿಸುವುದೇ ಲೇಸು. ಸತುವಿನ ಮೇಲೆ ಸರಿಯಾದ ಪ್ರೈಮರ್ ಹಚ್ಚಿ ಬಣ್ಣ ಬಳಿದರೆ ಎರಡೂ ಸೇರಿ, ಒಂದೊಂದೇ ಬಾಳುವ ಕಾಲವನ್ನು ಕೂಡಿಸಿದ್ದಕ್ಕಿಂತ ಹೆಚ್ಚು ಬಾಳುತ್ತವೆ. ಹೊಸ ಸತುವಿನ ಮೇಲೆ ಸಾಮಾನ್ಯ ಎನಾಮಲ್ ಬಣ್ಣವನ್ನು ನೇರವಾಗಿ ಬಳಿದರೆ ಒಂದೇ ವರ್ಷದಲ್ಲಿ ಸಿಪ್ಪೆಯಂತೆ ಏಳುತ್ತದೆ, ಜಿಐಗೆಂದೇ ಇರುವ ಪ್ರೈಮರ್ ಕೇಳಿ ತರಬೇಕು.

316 ಆದರೂ ಕಡಲಂಚಿನಲ್ಲಿ ಕಲೆ ಬೀಳುವುದೇ ಇಲ್ಲವೆಂದಲ್ಲ. ಮೇಲ್ಮೈ ಎಷ್ಟು ನಯವೋ ಅಷ್ಟು ಒಳ್ಳೆಯದು. ಕನ್ನಡಿಯಂತೆ ಪಾಲಿಶ್ ಮಾಡಿದ ಪೈಪಿನಲ್ಲಿ ಉಪ್ಪು ನಿಲ್ಲುವುದು ಕಡಿಮೆ, ಗೆರೆಗೆರೆಯ ಮ್ಯಾಟ್ ಫಿನಿಶ್‌ನ ಸಂದುಗಳಲ್ಲಿ ಹೆಚ್ಚು.

ಒಳಗೆ ಹರಿಯುವ ನೀರು

ಹೊರಗಿನ ಗಾಳಿಗಿಂತ ಒಳಗಿನ ನೀರಿನ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ನಮ್ಮ ಚಿರೇಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿಯ ಗುಣದ್ದು. ಘಟ್ಟದ ಮೇಲೆ ಗುಡ್ಡದಿಂದ ಇಳಿಸುವ ಅಬ್ಬಿ ನೀರಿನದೂ ಅದೇ ಕಥೆ. ಗಡಸು ನೀರಿನ ಊರುಗಳಲ್ಲಿ ಪೈಪಿನ ಒಳಗೆ ಸುಣ್ಣದ ತೆಳು ಪದರ ಕಟ್ಟಿ ಸತುವನ್ನು ಕಾಪಾಡುತ್ತದೆ, ನಮ್ಮಲ್ಲಿ ಆ ರಕ್ಷಣೆ ಸಿಗುವುದಿಲ್ಲ. ನೀರಿನ ಪಿಎಚ್ ಆರಕ್ಕಿಂತ ಕೆಳಗಿದ್ದರೆ ಸತು ಬೇಗ ಕರಗುತ್ತದೆ, ಅಂತಹ ನೀರಿಗೆ ಜಿಐ ಸರಿಯಲ್ಲ. ಬೆಳಿಗ್ಗೆ ಮೊದಲು ತಿರುಗಿಸಿದ ನಲ್ಲಿಯಲ್ಲಿ ಕೆಂಪು ನೀರು ಬರತೊಡಗಿದರೆ ಒಳಗಿನ ಸತು ಮುಗಿದಿದೆ ಎಂದೇ ತಿಳಿಯಬೇಕು.

ಕರಾವಳಿಯ ಬಾವಿಗಳಿಗೆ ಇನ್ನೊಂದು ಸಮಸ್ಯೆ ಇದೆ. ಬೇಸಿಗೆಯಲ್ಲಿ ನದಿಯ ಹರಿವು ಇಳಿದಾಗ ಉಬ್ಬರದ ಉಪ್ಪು ನೀರು ಒಳನುಗ್ಗಿ ಅಳಿವೆಯ ಅಕ್ಕಪಕ್ಕದ ಬಾವಿಗಳು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತವೆ. ತಂಪು ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 200 ಮಿಲಿಗ್ರಾಂವರೆಗೆ ಇದ್ದರೆ 304 ಸಾಕು, ಸುಮಾರು 1000ದವರೆಗೆ 316 ತಡೆಯುತ್ತದೆ ಎಂಬುದು ರೂಢಿಯ ಮಿತಿ. ಹೋಲಿಕೆಗೆ ಹೇಳುವುದಾದರೆ, ಕುಡಿಯುವ ನೀರಿನಲ್ಲಿ ಭಾರತೀಯ ಮಾನದಂಡ ಬಯಸುವ ಮಿತಿ 250, ಬೇರೆ ನೀರಿನ ಮೂಲ ಇಲ್ಲದಿದ್ದರೆ ಒಪ್ಪುವ ಮಿತಿ 1000, ಕಡಲ ನೀರಿನಲ್ಲಿರುವುದು 19,000ದ ಆಸುಪಾಸು. ಆದ್ದರಿಂದ ಬಾವಿಯ ನೀರನ್ನು ಪರೀಕ್ಷೆಗೆ ಕೊಡುವವರು ಬಾವಿ ತುಂಬಿದ ಸೆಪ್ಟೆಂಬರಿನಲ್ಲಿ ಕೊಡದೆ ಮೇ ತಿಂಗಳಿನಲ್ಲಿ ಕೊಡಬೇಕು. ಅಘನಾಶಿನಿ ದಂಡೆಯ ಗಜನಿಗಳಂತಹ ಉಪ್ಪು ನೀರಿನ ಜಾಗದಲ್ಲಿ ಪಂಪ್ ಇಡುವವರಿಗೆ ಈ ಎರಡೂ ಲೋಹಗಳು ಬೇಡ, ಕಪ್ಪು ಎಚ್‌ಡಿಪಿಇ ಪೈಪು ಅಲ್ಲಿ ಇವೆರಡನ್ನೂ ಮೀರಿಸುತ್ತದೆ. ಪ್ಲಾಸ್ಟಿಕ್ಕಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಮನೆಯೊಳಗಿನ ನೀರಿಗೆ ಇಂದು ಪ್ಲಾಸ್ಟಿಕ್ ಪೈಪೇ ಬಹುತೇಕ ಸಾಕು. ಲೋಹ ಬೇಕಾಗುವುದು ಬಿಸಿಲಿಗೆ ಬೀಳುವ, ಭಾರ ಹೊರುವ, ದನ ಒರಸುವ ಕಡೆ. ಶಿರಸಿ ಕಡೆಯವರಾದರೆ ಮಂಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಮಾಡಿನಿಂದ ಪೈಪಿಗೆ ನೆಗೆಯುವ ಒಂದು ಗಡವ ಮಂಗನಿಗೆ ಪಿವಿಸಿ ಎಲ್ಬೋ ಯಾವ ಲೆಕ್ಕ.

ಬಿಸಿನೀರಿಗೆ ಜಿಐ ಹಾಕಲೇಬಾರದು. ನೀರು 60 ಡಿಗ್ರಿ ದಾಟಿದರೆ ಸತು ಮತ್ತು ಉಕ್ಕಿನ ಸಂಬಂಧ ತಿರುಗುಮುರುಗಾಗಬಹುದು, ಆಗ ಕಾಪಾಡಬೇಕಾದ ಸತುವಿನ ಕೆಳಗೆ ಉಕ್ಕೇ ಮೊದಲು ಸವೆಯತೊಡಗುತ್ತದೆ. ಸೋಲಾರ್ ಹೀಟರ್‌ನ ನೀರು ಬಿಸಿಲಿನ ದಿನ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಬಚ್ಚಲುಮನೆಯ ತಾಮ್ರದ ಹಂಡೆಯಿಂದ ಜಿಐ ಪೈಪ್ ಎಳೆಸುವವರು ಎರಡು ತಪ್ಪನ್ನು ಒಟ್ಟಿಗೆ ಮಾಡುತ್ತಾರೆ. ಬಿಸಿ ಒಂದು, ಹಂಡೆಯಿಂದ ಕರಗಿ ಬರುವ ತಾಮ್ರದ ಅಂಶ ಇನ್ನೊಂದು.

ತಾಮ್ರ ಸತುವಿಗೆ ಏನು ಮಾಡುತ್ತದೆ ಎಂಬುದನ್ನು ಅಡಿಕೆ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಒಂದೊಂದು ಕಿಲೋ, ನೀರು ನೂರು ಲೀಟರ್ ಹಾಕಿ, ಉಜ್ಜಿದ ಚಾಕುವನ್ನೋ ಕತ್ತಿಯ ಅಲಗನ್ನೋ ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಬಣ್ಣ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ಎಂದರೆ ದ್ರಾವಣದಲ್ಲಿದ್ದ ತಾಮ್ರ ಹೊರಬಂದು ಕಬ್ಬಿಣದ ಮೇಲೆ ಕೂತದ್ದು, ಅದಕ್ಕೆ ಬದಲಾಗಿ ಕಬ್ಬಿಣ ಕರಗಿ ದ್ರಾವಣಕ್ಕೆ ಸೇರಿದ್ದು. ಸತುವಿನ ಮೇಲೆ ಇದೇ ಕ್ರಿಯೆ ಇನ್ನೂ ಬಿರುಸಾಗಿ ನಡೆಯುತ್ತದೆ. ಹಾಗಾಗಿ ಮೈಲುತುತ್ತ ಕರಗಿಸುವ ಡ್ರಮ್ಮು, ಅದನ್ನು ಸಾಗಿಸುವ ಪೈಪು ಜಿಐದ್ದಾಗಬಾರದು. ಸಿಂಪಡಣೆಯ ದಿನ ದ್ರಾವಣ ತೊಟ್ಟಿಕ್ಕುವ ಜಾಗದಲ್ಲಿರುವ ಜಿಐ ಪೈಪನ್ನು ಅಂದೇ ಸಂಜೆ ನೀರು ಬಿಟ್ಟು ತೊಳೆಯಬೇಕು.

ಜೋಡಣೆಯಲ್ಲಿ ಆಗುವ ಎಡವಟ್ಟುಗಳು

ಪಂಪಿನಿಂದ ಟ್ಯಾಂಕಿಗೆ ಹೋಗುವ ಸಾಲನ್ನು ನಾನು ಒಮ್ಮೆ ಪೂರ್ತಿ 304ಕ್ಕೆ ಬದಲಾಯಿಸಿದೆ. ವಾಲ್ವಿನ ಪಕ್ಕದಲ್ಲಿ ಮೂರು ಇಂಚು ಉದ್ದದ ಒಂದು ಜಿಐ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪಿನ ತುಂಡು) ಮಾತ್ರ ಉಳಿಯಿತು, ಗಟ್ಟಿಯಾಗಿದೆ, ಇರಲಿ ಎಂದು ಪ್ಲಂಬರ್ ಬಿಟ್ಟರು, ನಾನೂ ಹೂಂ ಎಂದೆ. ಮೊದಲ ವರ್ಷ ಥ್ರೆಡ್ಡಿನ ಸುತ್ತ ಹಿಟ್ಟಿನಂತಹ ಬಿಳಿಪುಡಿ ಕಂಡಿತು. ಎರಡನೆಯ ಮಳೆಗಾಲದ ಹೊತ್ತಿಗೆ ಪುಡಿಯ ಜಾಗದಲ್ಲಿ ಕೆಂಪು ಗೆರೆಯೊಂದು ಗೋಡೆಗುಂಟ ಇಳಿದಿತ್ತು. ಆಮೇಲೆ ಒಂದು ಬೆಳಿಗ್ಗೆ ಮೋಟರ್ ಹಾಕಿದಾಗ ನಿಪ್ಪಲಿನಿಂದ ದಾರದಷ್ಟು ತೆಳುವಾದ ನೀರಿನ ಎಳೆ ಚಿಮ್ಮಿ ಪಾಗಾರವನ್ನು ತಾಗುತ್ತಿತ್ತು. ಎರಡು ಬೇರೆ ಲೋಹಗಳು ನೀರಿನಲ್ಲಿ ಒಂದಕ್ಕೊಂದು ತಾಗಿದಾಗ ಸತು ಸವೆದು ಸ್ಟೇನ್‌ಲೆಸ್ ಉಳಿಯುತ್ತದೆ. ಸ್ಟೇನ್‌ಲೆಸ್‌ನ ಮೈ ದೊಡ್ಡದಾಗಿದ್ದು ಸತುವಿನದು ಚಿಕ್ಕದಾದಷ್ಟೂ ಈ ಸವೆತ ವೇಗವಾಗಿ ನಡೆಯುತ್ತದೆ. ದೊಡ್ಡ ಜಿಐ ಸಾಲಿನಲ್ಲಿ ಒಂದು ಸ್ಟೇನ್‌ಲೆಸ್ ವಾಲ್ವ್ ಇದ್ದರೆ ಹಾನಿ ಕಡಿಮೆ, ದೊಡ್ಡ ಸ್ಟೇನ್‌ಲೆಸ್ ಸಾಲಿನಲ್ಲಿ ಒಂದು ಜಿಐ ತುಂಡು ಇದ್ದರೆ ಅದರ ಗತಿ ನಮ್ಮ ನಿಪ್ಪಲಿನದೇ. ಎರಡನ್ನು ಸೇರಿಸಲೇಬೇಕಾದಲ್ಲಿ ನಡುವೆ ಇನ್ಸುಲೇಟಿಂಗ್ ಯೂನಿಯನ್ (ಎರಡು ಲೋಹ ಒಂದಕ್ಕೊಂದು ತಾಗದಂತೆ ಬೇರ್ಪಡಿಸುವ ಜೋಡಣೆ) ಅಥವಾ ಒಂದು ಗೇಣುದ್ದದ ಪ್ಲಾಸ್ಟಿಕ್ ಪೈಪ್ ಹಾಕಿದರೆ ಸಾಕು. ಜಿಐ ಕ್ಲಾಂಪಿನಲ್ಲಿ ಸ್ಟೇನ್‌ಲೆಸ್ ಪೈಪ್ ಹಿಡಿಸುವಾಗ ಮಧ್ಯೆ ರಬ್ಬರ್ ಪಟ್ಟಿ ಇರಲಿ.

ಜಿಐ ಪೈಪಿನಲ್ಲಿ ಥ್ರೆಡ್ ಕಡಿದ ಜಾಗದಲ್ಲಿ ಸತು ಇರುವುದಿಲ್ಲ. ಸಾಕೆಟ್ಟಿನ ಹೊರಗೆ ಉಳಿದ ಎಳೆಗಳಿಗೆ ಜಿಂಕ್ ಪೇಂಟ್ ಬಳಿಯುವುದು ಎರಡು ನಿಮಿಷದ ಕೆಲಸ, ಹೇಳಿ ಮಾಡಿಸದಿದ್ದರೆ ಯಾರೂ ಮಾಡುವುದಿಲ್ಲ. ಜಿಐಯನ್ನು ಬೆಸೆಯುವಾಗ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಅಂದು ರಾತ್ರಿ ಚಳಿಜ್ವರ ಬರುವುದುಂಟು, ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಬೆಸೆಯಗೊಡಬಾರದು, ಬೆಸುಗೆಯ ಎರಡೂ ಬದಿ ಸತುವನ್ನು ಮೊದಲೇ ಉಜ್ಜಿ ತೆಗೆಸಬೇಕು.

ಸ್ಟೇನ್‌ಲೆಸ್ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗ್ ಬೇಕು. 304ಕ್ಕೆ 308ಎಲ್ ತಂತಿ, 316ಕ್ಕೆ 316ಎಲ್. ಬೆಸುಗೆಯ ಪಕ್ಕದಲ್ಲಿ ಉಳಿಯುವ ನೀಲಿ ಕಂದು ಛಾಯೆ ನೋಡಲು ಚೆಂದವೆನಿಸಿದರೂ ಅಲ್ಲಿ ಪೊರೆ ಕೆಟ್ಟಿರುತ್ತದೆ, ಪಿಕ್ಲಿಂಗ್ ಪೇಸ್ಟ್ (ಆ ಛಾಯೆ ತೆಗೆಯುವ ಆಮ್ಲದ ಲೇಪ) ಹಚ್ಚಿ ತೊಳೆಸದಿದ್ದರೆ ಕರಾವಳಿಯಲ್ಲಿ ಮೊದಲ ತುಕ್ಕು ಅಲ್ಲಿಂದಲೇ. ವೆಲ್ಡಿಂಗ್ ಅಂಗಡಿಯಲ್ಲಿ ಗೇಟಿನ ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರದಿಂದಲೇ ಸ್ಟೇನ್‌ಲೆಸ್ ಉಜ್ಜಿದರೆ ಕಬ್ಬಿಣದ ಕಣಗಳು ಅದರಲ್ಲಿ ಹೂತು ಕೂರುತ್ತವೆ. ಹೊಸ ಚಕ್ರಕ್ಕೆ ನಾವೇ ಹಣ ಕೊಟ್ಟರೂ ಲಾಭವೇ. ಗೃಹಪ್ರವೇಶದ ಅವಸರದಲ್ಲಿ ಟೈಲ್ಸ್ ಮೇಲಿನ ಸಿಮೆಂಟ್ ತೆಗೆಯಲು ಆಸಿಡ್ ಸುರಿಯುವುದುಂಟಲ್ಲ, ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹೊಗೆಯೊಂದೇ ಸಾಕು ಹತ್ತಿರದ ರೇಲಿಂಗ್ ಕಲೆಯಾಗಲು. ಆಸಿಡ್ ಕೆಲಸ ಮುಗಿದು ನೆಲ ಚೆನ್ನಾಗಿ ತೊಳೆದ ಮೇಲೆ ರೇಲಿಂಗ್ ಕೂರಿಸಬೇಕು.

ಗೋಡೆಯೊಳಗೆ ಹುದುಗಿಸುವ ಪೈಪಿನ ಬಗ್ಗೆ ಒಂದು ಮಾತು. ಉಬ್ಬರ ಬರುವ ಭಾಗದಿಂದ ತೆಗೆದ ನದಿ ಮರಳಿನಲ್ಲಿ ಉಪ್ಪಿರುತ್ತದೆ. ತೊಳೆಯದೆ ಗಾರೆ ಕಲಸಿದರೆ ಆ ಉಪ್ಪು ಗೋಡೆಯೊಳಗೆ ಪೈಪಿನ ಜೊತೆಯಲ್ಲಿಯೇ ಉಳಿಯುತ್ತದೆ. ಅಂತಹ ಗೋಡೆಯಲ್ಲಿ ಜಿಐಯನ್ನೂ 304ನ್ನೂ ಹುದುಗಿಸಬಾರದು.

ಬೆಲೆಯನ್ನು ಕಿಲೋದಲ್ಲಿ ಹೋಲಿಸಬೇಡಿ

ಸ್ಟೇನ್‌ಲೆಸ್ ಸ್ಟೀಲಿನ ಕಿಲೋ ದರ ಕೇಳಿಯೇ ಹಲವರು ಹಿಂದೆ ಸರಿಯುತ್ತಾರೆ. ಅದರ ಗೋಡೆ ತೆಳುವಾಗಿರಬಹುದು ಎಂಬುದನ್ನು ಮರೆಯುತ್ತಾರೆ, ಏಕೆಂದರೆ ಸವೆಯಲೆಂದು ಹೆಚ್ಚುವರಿ ದಪ್ಪ ಇಡಬೇಕಾಗಿಲ್ಲ. ಒಂದಿಂಚಿನ ಷೆಡ್ಯೂಲ್ 5 (ಷೆಡ್ಯೂಲ್ ಎಂದರೆ ಗೋಡೆಯ ದಪ್ಪದ ದರ್ಜೆ) ಪೈಪಿನ ಗೋಡೆ 1.65 ಮಿಲಿಮೀಟರ್, ತೂಕ ಮೀಟರಿಗೆ 1.3 ಕಿಲೋ, ಅಂದರೆ ಮಧ್ಯಮ ಜಿಐಗಿಂತ ಅರ್ಧಕ್ಕೆ ಸ್ವಲ್ಪ ಹೆಚ್ಚು. ಕಿಲೋ ದರ ಮೂರು ಪಟ್ಟಿದ್ದರೆ ಮೀಟರಿನ ದರ ಬರುವುದು ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ. ಆದರೆ ಈ ತೆಳು ಪೈಪಿಗೆ ಥ್ರೆಡ್ ಕಡಿಯಲು ಬರುವುದಿಲ್ಲ, ಬೆಸೆಯಬೇಕು ಇಲ್ಲವೇ ಯಂತ್ರದಿಂದ ಒತ್ತಿ ಕೂರಿಸುವ ಪ್ರೆಸ್ ಫಿಟ್ಟಿಂಗ್ ಹಾಕಬೇಕು, ಫಿಟ್ಟಿಂಗುಗಳ ಬೆಲೆ ಪೈಪಿಗಿಂತ ಹೆಚ್ಚು ಕಾಡುತ್ತದೆ. ಆದ್ದರಿಂದ ಉದ್ದವಾಗಿ ನೇರವಾಗಿ ಹೋಗುವ ಸಾಲಿಗೆ ಸ್ಟೇನ್‌ಲೆಸ್ ಲೆಕ್ಕಕ್ಕೆ ಕೂರುತ್ತದೆ, ಹೆಜ್ಜೆಗೊಂದು ತಿರುವಿರುವ ಸಾಲಿಗೆ ಕೂರುವುದಿಲ್ಲ. ಥ್ರೆಡ್ ಬೇಕೇಬೇಕು ಎಂದಾದರೆ 3.38 ಮಿಲಿಮೀಟರ್ ಗೋಡೆಯ ಷೆಡ್ಯೂಲ್ 40ಕ್ಕೆ ಹೋಗಬೇಕಾಗುತ್ತದೆ, ಆಗ ಕಿಲೋ ದರದ ಬಿಸಿ ಪೂರ್ತಿ ತಾಗುತ್ತದೆ.

ಜಿಐ ಕೊಂಡವರು ಅದನ್ನು ಮಳೆಗಾಲದಲ್ಲಿ ಒಂದರ ಮೇಲೊಂದು ಒತ್ತಿ, ಟಾರ್ಪಾಲು ಮುಚ್ಚಿ ಇಡಬಾರದು. ಪೈಪುಗಳ ಸಂದಿನಲ್ಲಿ ನೀರು ನಿಂತರೆ ಹೊಸ ಸತು ಕೆಲವೇ ವಾರಗಳಲ್ಲಿ ಬಿಳಿತುಕ್ಕಾಗಿ ಏಳುತ್ತದೆ. ಅಡಿಕೆ ದಬ್ಬೆಯ ತುಂಡುಗಳನ್ನು ಅಡ್ಡ ಹಾಕಿ, ಗಾಳಿಯಾಡುವಂತೆ, ಒಂದು ತುದಿ ಎತ್ತರವಾಗಿ ಇಟ್ಟರೆ ನೀರು ಇಳಿದು ಹೋಗುತ್ತದೆ.

ನಮ್ಮ ಮೆಟ್ಟಿಲಿನ ರೇಲಿಂಗನ್ನು ನಾನು ಬದಲಾಯಿಸಲಿಲ್ಲ. ಹನಿ ಹಾಕಿ ನೋಡಿದಾಗ ಅದು 202 ಎಂದು ಖಾತ್ರಿಯಾಯಿತು. ಕಲೆಗಳನ್ನು ನೈಲಾನ್ ಸ್ಕ್ರಬ್ಬರಿನಿಂದ ಉಜ್ಜಿ ತೆಗೆಸಿದೆ. ಕಬ್ಬಿಣದ ಜುಂಗಿನಿಂದ ಉಜ್ಜಿದ್ದರೆ ಅದರ ಕಣಗಳೇ ಹೊಸ ತುಕ್ಕಾಗುತ್ತಿದ್ದವು. ಈಗ ಅಕ್ಟೋಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಮುಖ್ಯವಾಗಿ ಹಿಡಿಕೆಯ ಕೆಳಮೈಯನ್ನು ಒರಸುತ್ತೇವೆ. ಚುಕ್ಕೆಗಳು ನಿಂತಿಲ್ಲ, ನಿಧಾನವಾಗಿವೆ. ಕೆಳಗಿನ ಎರಡು ಕಂಬಗಳ ಬುಡದಲ್ಲಿ, ಟೈಲ್ಸ್ ಸೇರುವ ಸಂದಿನಲ್ಲಿ, ಬಟ್ಟೆ ಹೋಗುವುದಿಲ್ಲ. ಅವೆರಡನ್ನು ಬರುವ ದೀಪಾವಳಿಯೊಳಗೆ ಕತ್ತರಿಸಿ 316ರ ತುಂಡು ಬೆಸೆಸಬೇಕೆಂದಿದೆ.